ಓದದೆ ಹಾಕಿದ ಸಹಿ

ಒಂದು ಮಾತು ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನನಗೆ ಓದಲು ಬರುವುದಿಲ್ಲ. ಇಪ್ಪತ್ತೆರಡು ವರ್ಷ ಸರಕಾರಿ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿದವನು ಹೀಗೆ ಹೇಳಿದರೆ ನೀವು ವಿನಯ ಎಂದುಕೊಳ್ಳುತ್ತೀರಿ. ವಿನಯವಲ್ಲ, ಖರೇ ಮಾತು. ನನಗೆ ಬರುವುದು ತಿದ್ದಲು ಮಾತ್ರ. ಕಣ್ಣೆದುರು ಬರೆದದ್ದು ಏನೇ ಬರಲಿ, ಅದು ಏನು ಹೇಳುತ್ತಿದೆ ಎಂದು ತಿಳಿಯುವ ಮೊದಲೇ ಅದರಲ್ಲಿ ಏನು ತಪ್ಪಿದೆ ಎಂದು ತಿಳಿದುಬಿಡುತ್ತದೆ. ಮದುವೆ ಪತ್ರಿಕೆ ಬಂದರೆ ಯಾರ ಮದುವೆ, ಯಾವತ್ತು ಎಂದು ನೋಡುವುದಿಲ್ಲ. ‘ಆಶೀರ್ವಾದ’ದಲ್ಲಿ ದೀರ್ಘ ಬಿಟ್ಟುಹೋಗಿದೆ ಎಂದು ನೋಡುತ್ತೇನೆ. ಹೀಗೆ ಎರಡು ಮದುವೆ ತಪ್ಪಿಸಿಕೊಂಡಿದ್ದೇನೆ, ಎರಡು ಊಟವನ್ನೂ.

ನನ್ನ ಹೆಂಡತಿ ನಸೀಮಾ ಓದಿದ್ದು ಉರ್ದು ಶಾಲೆಯಲ್ಲಿ. ಮದುವೆಯಾದ ಮೇಲೆ ನನ್ನ ಹಟಕ್ಕೆ ಕನ್ನಡ ಬರೆಯಲು ಕಲಿತಳು. ಒಂದು ದಿನ ತವರಿಗೆ ಹೋಗುವಾಗ ಫ್ರಿಜ್ಜಿನ ಬಾಗಿಲಿಗೆ ಚೀಟಿ ಅಂಟಿಸಿ ಹೋಗಿದ್ದಳು: “ಗ್ಯಾಸ ಮುಗದದೆ ಇವತ್ತೆ ಹೇಳರಿ.” ನಾನು ಚೀಟಿ ತೆಗೆದು, ಕೆಂಪು ಪೆನ್ನಿನಿಂದ ‘ಗ್ಯಾಸ್’ ಮಾಡಿ, ‘ಮುಗಿದಿದೆ’ ಮಾಡಿ, ನಡುವೆ ಪೂರ್ಣವಿರಾಮ ಇಟ್ಟು, ಬಹಳ ಪ್ರೀತಿಯಿಂದ ಅಲ್ಲಿಯೇ ಮತ್ತೆ ಅಂಟಿಸಿದೆ. ಗ್ಯಾಸ್ ಹೇಳಲಿಲ್ಲ. ಎರಡು ದಿನ ಖಾನಾವಳಿಯ ರೊಟ್ಟಿ ತಿಂದೆ. ಅವಳು ವಾಪಸು ಬಂದು ಚೀಟಿ ನೋಡಿದಳು, ಒಲೆ ನೋಡಿದಳು, ನನ್ನನ್ನು ನೋಡಿದಳು. “ಪೈಲೇ ಪಡೋ, ಬಾದ್ ಮೇ ಲಾಲ್ ಕರೋ” ಎಂದಳು. ಮೊದಲು ಓದು, ಆಮೇಲೆ ಕೆಂಪು ಮಾಡು. ಈ ಕಥೆಯನ್ನು ನಾನು ಶಾಲೆಯಲ್ಲಿ ಎಲ್ಲರಿಗೂ ಹೇಳಿ ನಗಿಸಿದೆ. ಈಗ ಅದನ್ನು ಹೇಳುವಾಗ ನನಗೆ ನಗು ಬರುವುದಿಲ್ಲ. ಯಾಕೆ ಎಂದು ಹೇಳಲಿಕ್ಕೆಂದೇ ಇಷ್ಟು ಪೀಠಿಕೆ.

ನಮ್ಮದು ಬೆಳಗಾವಿಯ ಶಹಾಪುರ. ಮನೆಯಲ್ಲಿ ದಖನಿ, ಓಣಿಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ, ಹೊಟ್ಟೆಪಾಡಿಗೆ ಇಂಗ್ಲಿಷ್. ನಾಲ್ಕರಲ್ಲಿ ಯಾವುದು ನನ್ನದು ಎಂದು ಯಾರಾದರೂ ಕೇಳಿದರೆ ತಡವರಿಸುತ್ತೇನೆ. ಬೈಯುವಾಗ ಮಾತ್ರ ಕನ್ನಡವೇ ಬಾಯಿಗೆ ಬರುತ್ತದೆ. ದಿನಾ ಬೆಳಿಗ್ಗೆ ಖಾನಾಪುರದ ಬಸ್ಸು ಹಿಡಿಯುತ್ತೇನೆ. ಅಲ್ಲಿಳಿದು ಟೆಂಪೋ ಹತ್ತಿ ಇನ್ನೂ ಹನ್ನೆರಡು ಕಿಲೋಮೀಟರು ಒಳಗೆ ಹೋದರೆ ನನ್ನ ಶಾಲೆ. ಒಂದರಿಂದ ಏಳನೆಯತ್ತೆ, ಅಂದರೆ ಏಳನೆಯ ತರಗತಿಯವರೆಗೆ. ಅಲ್ಲಿಗೆ ಶಾಲೆಯೂ ಮುಗಿಯುತ್ತದೆ, ಡಾಂಬರು ರಸ್ತೆಯೂ ಮುಗಿಯುತ್ತದೆ. ಎಂಟನೆಯತ್ತೆಗೆ ಖಾನಾಪುರಕ್ಕೇ ಬರಬೇಕು. ಹುಡುಗರು ಹೇಗೋ ಟೆಂಪೋಕ್ಕೆ ಜೋತುಬಿದ್ದು ಬರುತ್ತಾರೆ. ಹುಡುಗಿಯರ ವಿಷಯದಲ್ಲಿ ಮನೆಯವರು ಲೆಕ್ಕ ಹಾಕುತ್ತಾರೆ: ಸಂಜೆಯ ಟೆಂಪೋ ತಪ್ಪಿದರೆ? ಹಾಸ್ಟೆಲಿಗೆ ಹಾಕಿದರೆ ಮನೆಗೆಲಸ ಯಾರು ಮಾಡಬೇಕು?

ಏಳನೆಯತ್ತೆಗೆ ನಾನು ಕಲಿಸುವ ಪಾಠಗಳಲ್ಲಿ ಇನ್ಫಿನಿಟಿವ್ ಒಂದು. ಹೆಸರು ಕೇಳಿ ಗಾಬರಿಯಾಗಬೇಡಿ, ನಮ್ಮ ಮನೆಯಲ್ಲಿ ದಿನಾ ಓಡಾಡುವ ಪ್ರಾಣಿಯೇ. ನಾವು ‘ಹೋಗಲು’ ಎಂದು ಬರೆಯುತ್ತೇವೆ, ‘ಹೋಗಾಕ’ ಎಂದು ಆಡುತ್ತೇವೆ. ಮರಾಠಿಯವರು ‘ಜಾಯ್ಲಾ’ ಅನ್ನುತ್ತಾರೆ. ಇಂಗ್ಲಿಷಿನವರು ‘ಟು ಗೋ’ ಎಂದು ಮುಂದೊಂದು ಟು ಹಚ್ಚುತ್ತಾರೆ. ಅದೇ ಟು ಗೋ ತನ್ನ ಹೆಂಡತಿ ಮಕ್ಕಳು, ಗಂಟುಮೂಟೆ ಸಮೇತ ಹೊರಟರೆ, ಉದಾಹರಣೆಗೆ ‘ಟು ಗೋ ಟು ಖಾನಾಪುರ್ ಬೈ ಬಸ್’ ಎಂದಾದರೆ, ಅದನ್ನು ಇನ್ಫಿನಿಟಿವ್ ಫ್ರೇಜ್ ಅನ್ನುತ್ತಾರೆ. ಇಷ್ಟನ್ನು ಹೇಳಲು ಪುಸ್ತಕದವರು ನಾಲ್ಕು ಪುಟ ತೆಗೆದುಕೊಂಡಿದ್ದಾರೆ.

ಈ ಕ್ರಿಯಾಪದದ ಸ್ವಭಾವ ವಿಚಿತ್ರ. ಇದಕ್ಕೆ ನಿನ್ನೆಯಿಲ್ಲ, ಇವತ್ತಿಲ್ಲ. ಯಾರು ಮಾಡಿದರು ಎಂದು ಕೇಳಿದರೆ ಉತ್ತರವಿಲ್ಲ. ಕೆಲಸದ ಹೆಸರಿದೆ, ಕೆಲಸ ಮಾತ್ರ ಇನ್ನೂ ಶುರುವಾಗಿಲ್ಲ. ಅದಕ್ಕೇ ಏನೋ, ಆಸೆ ಹೇಳಿಕೊಳ್ಳುವವರಿಗೆಲ್ಲ ಇದೇ ಬೇಕಾಗುತ್ತದೆ. ನಮ್ಮ ಮಕ್ಕಳಿಗೆ ಇದನ್ನು ಕಲಿಸಲು ನಾನು ಇಪ್ಪತ್ತೆರಡು ವರ್ಷದಿಂದ ಒಂದೇ ಉಪಾಯ ಮಾಡುತ್ತ ಬಂದಿದ್ದೇನೆ. ‘ಐ ವಾಂಟ್ ಟು’ ಎಂದು ಹಲಗೆಯ ಮೇಲೆ ಬರೆದು, “ಮುಂದ ನೀವ ತುಂಬ್ರಿ, ನಿಮಗ ಏನ ಮಾಡಬೇಕಂತ ಅನಸ್ತೈತಿ ಅದನ್ನ ಬರೀರಿ, ಮನಿಯಿಂದ ಐದು ವಾಕ್ಯ ಬರಕೊಂಡ ಬರ್ರಿ” ಅನ್ನುತ್ತೇನೆ.

ಹೋದ ವರ್ಷದ ಜನವರಿಯಲ್ಲೂ ಹಾಗೇ ಅಂದೆ. ಆಗ ಕಿಟಕಿಯ ಬಾಜು ಕುಳಿತಿದ್ದ ಸುನಿತಾ ಎದ್ದು ನಿಂತಳು. “ಸರ್, ಗೋ ಮುಂದೂ ಟು ಐತಿ, ಖಾನಾಪುರದ ಮುಂದೂ ಟು ಐತಿ. ಎರಡೆರಡು ಯಾಕ್ ಬೇಕ್ರೀ?”

“ಒಂದು ಕೆಲಸಕ್ಕ, ಒಂದು ಊರಿಗೆ. ಎರಡೂ ಇದ್ರ ಮುಟ್ಟತೀ ನೋಡು” ಎಂದೆ. ಅವಳು ತಲೆದೂಗಿ ಕುಳಿತಳು. ಎರಡು ಜಡೆ, ಮೊಣಕಾಲಿನ ಮೇಲೆ ಸದಾ ಒಂದು ಗಾಯ, ಪ್ರಶ್ನೆ ಕೇಳುವಾಗ ಮೂಗು ಉಜ್ಜಿಕೊಳ್ಳುವ ಅಭ್ಯಾಸ. ಆ ಹುಡುಗಿಯ ಬಗ್ಗೆ ಅಂದು ನನಗೆ ಗೊತ್ತಿದ್ದದ್ದು ಇಷ್ಟೇ. ಅವಳ ಅಪ್ಪ ಪರಶುರಾಮ ಗೊತ್ತಿದ್ದರು. ದಿನಾ ಬೆಳಿಗ್ಗೆ ಎಮ್ಮೆಯ ಹಾಲು ಖಾನಾಪುರಕ್ಕೆ ಹಾಕಿ, ಖಾಲಿ ಕ್ಯಾನು ಹಿಡಿದು ನನ್ನ ಟೆಂಪೋದಲ್ಲೇ ಊರಿಗೆ ಮರಳುತ್ತಿದ್ದರು.

ಮರುದಿನ ಹತ್ತೊಂಬತ್ತು ವಹಿ ಬಂದವು. ಅವನ್ನು ಚೀಲದಲ್ಲಿ ಹಾಕಿಕೊಂಡು ಸಂಜೆಯ ಬಸ್ಸಿನಲ್ಲಿ ತಿದ್ದುತ್ತ ಕುಳಿತೆ. ಆಗ ನನ್ನ ಕೆಲಸದ ಪದ್ಧತಿ ಹೀಗಿತ್ತು: ಖಾನಾಪುರ ಬಿಡುವಾಗ ಮೊದಲ ವಹಿ, ಬೆಳಗಾವಿಯ ಅಂಚಿನ ಪೀರನವಾಡಿ ಬರುವುದರೊಳಗೆ ಕೊನೆಯದು. ರಸ್ತೆಯ ತಗ್ಗಿಗೆ ಬಸ್ಸು ಜಿಗಿದರೆ ನನ್ನ ಟಿಕ್ಕು ಪುಟದ ತುದಿಯವರೆಗೂ ಹೋಗುತ್ತಿತ್ತು. ಮಕ್ಕಳು ಅದನ್ನು ದೊಡ್ಡ ಶಾಬಾಸ್ಗಿರಿ ಎಂದುಕೊಳ್ಳುತ್ತಿದ್ದರು. ಪ್ರತಿ ಪುಟದ ಕೆಳಗೆ ಸಹಿ, ತಾರೀಖು. ಅದು ತಪ್ಪುವಂತಿಲ್ಲ. ಮೇಲಿನವರು ತಪಾಸಣೆಗೆ ಬಂದಾಗ ವಹಿ ತೆರೆದು ನೋಡುವುದು ಅದನ್ನೇ. ಮಗು ಏನು ಬರೆದಿದೆ ಎಂದು ಅವರೂ ಓದುವುದಿಲ್ಲ, ಮಾಸ್ತರ ಸಹಿ ಇದೆಯೋ ಇಲ್ಲವೋ ಅಷ್ಟೇ. ನಮ್ಮ ಹೆಡ್ ಬಾಯಾರು, ಅಂದರೆ ಮುಖ್ಯೋಪಾಧ್ಯಾಯಿನಿ, ಇದನ್ನು ಬಲ್ಲವರಾದ್ದರಿಂದ, “ಸರ್, ತಪ್ಪ ಉಳದ್ರ ಉಳೀಲಿ, ಸಹಿ ಉಳೀಬಾರದ ನೋಡ್ರಿ” ಎಂದು ವಾರಕ್ಕೊಮ್ಮೆ ನೆನಪಿಸುತ್ತಿದ್ದರು.

ಆ ಹತ್ತೊಂಬತ್ತು ವಹಿಗಳಲ್ಲಿ ಆರು ಮಕ್ಕಳು ಡಾಕ್ಟರಾಗಬೇಕೆಂದಿದ್ದರು. ಅವರಲ್ಲಿ ಐವರ ಡಾಕ್ಟರಿಕೆಯ ಸ್ಪೆಲಿಂಗಿನಲ್ಲಿ ಒಂದೇ ತಪ್ಪಿತ್ತು, ಒಬ್ಬರದು ನೋಡಿ ಒಬ್ಬರು ಬರೆದದ್ದು. ಒಬ್ಬನಿಗೆ ಕುಂದಾ ತಿನ್ನಬೇಕಿತ್ತು, ಐದೂ ವಾಕ್ಯಗಳಲ್ಲಿ. ಇನ್ನೊಬ್ಬಳಿಗೆ ಸರ್ ಆಗಬೇಕಿತ್ತು, ಯಾಕೆಂದರೆ ಸರ್ ಮಧ್ಯಾಹ್ನ ಕುರ್ಚಿಯಲ್ಲೇ ಮಲಗುತ್ತಾರೆ. ಇವೆಲ್ಲ ನನಗೆ ನೆನಪಿವೆ, ನಗು ಬಂದದ್ದರಿಂದ ನೆನಪಿವೆ. ಸುನಿತಾಳ ಪುಟ ನೆನಪಿರಲಿಲ್ಲ.

ಏಪ್ರಿಲ್ ಬಂತು, ಏಳನೆಯತ್ತೆ ಮುಗಿಯಿತು, ಮಕ್ಕಳು ಹೋದರು. ಜೂನಿನಲ್ಲಿ ಹೊಸ ಏಳನೆಯತ್ತೆ ಬಂತು. ಸುನಿತಾ ಹೈಸ್ಕೂಲಿಗೆ ಬೇಕಾದ ದಾಖಲೆ ಒಯ್ಯಲು ಬಂದಿರಲಿಲ್ಲ. ಹೆಡ್ ಬಾಯಾರು ವಿಚಾರಿಸಿರಬೇಕು ಎಂದು ನಾನು ಸುಮ್ಮನಿದ್ದೆ. ದಿನಾ ಅವಳ ಅಪ್ಪನ ಜೋಡಿ ಬರುವ ನಾನು ವಿಚಾರಿಸಿರಬೇಕು ಎಂದು ಅವರು ಸುಮ್ಮನಿದ್ದರು.

ಸೆಪ್ಟೆಂಬರಿನ ಒಂದು ಭಾನುವಾರ ಶಹಾಪುರದಲ್ಲಿ ಗೋಧಿ ಬೀಸಿಸಲು ಗಿರಣಿಗೆ ಹೋಗಿದ್ದೆ. ಮುಂದೆ ಪಾಳಿಯಲ್ಲಿ ಒಬ್ಬಳು ಹುಡುಗಿ, ಟೊಂಕದ ಮೇಲೆ ಕೂಸು, ಕಾಲಬಳಿ ಜೋಳದ ಡಬ್ಬಿ. ತಿರುಗಿ ಮೂಗು ಉಜ್ಜಿಕೊಂಡಳು. ಆಗ ಗುರುತು ಹತ್ತಿತು.

“ಸುನಿತಾ! ನೀ ಇಲ್ಲಿ ಏನ ಮಾಡಾಕತ್ತೀ?”

“ಚಿಗವ್ವನ ಮನ್ಯಾಗ ಅದೀನ್ರೀ ಸರ್. ಚಿಗವ್ವ ಮಗ್ಗದ ಕಾರಖಾನಿಗೆ ಹೋಕ್ಕಾಳ್ರೀ. ಕೂಸಿನ್ನ ನಾ ನೋಡ್ಕೋತೀನಿ.”

“ಮತ್ತ ಸಾಲಿ?”

ಅವಳು ಕೂಸನ್ನು ಇನ್ನೊಂದು ಟೊಂಕಕ್ಕೆ ಬದಲಿಸಿಕೊಂಡಳು. “ನೀವ ಅಪ್ಪಗ ಹೇಳಲಿಲ್ಲಲ್ರೀ ಸರ್.”

“ನಾ ಏನ ಹೇಳಬೇಕಾಗಿತ್ತವಾ?”

“ವಹಿದಾಗ ಬರದಿದ್ನೆಲ್ರೀ. ಐದು ವಾಕ್ಯ. ನೀವ ಸಹಿ ಮಾಡಿದ್ರಿ.”

ಗಿರಣಿಯ ಸದ್ದಿನಲ್ಲಿ ನಾನು ಸರಿಯಾಗಿ ಕೇಳಿಸಿಕೊಂಡಿಲ್ಲವೇನೋ ಎಂದು ನನಗೆ ನಾನೇ ಹೇಳಿಕೊಳ್ಳಲು ನೋಡಿದೆ. ಕೇಳಿಸಿತ್ತು. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು. “ಅರ್ಜಿ ಮ್ಯಾಲ ಸಾಹೇಬ್ರ ಸಹಿ ಬಿದ್ರ ಕೆಲಸ ಆದಂಗನ ಅಂತ ಅಪ್ಪ ಅಂತಾನ್ರೀ. ನಾ ಹಂಗ ತಿಳಕೊಂಡಿದ್ನಿ. ದಿನಾ ನೀವು ಅಪ್ಪಾ ಕೂಡೇ ಟೆಂಪೋದಾಗ ಬರ್ತಿದ್ರಿ. ಇವತ್ತ ಹೇಳ್ತಾರ, ನಾಳಿ ಹೇಳ್ತಾರ ಅಂತ ದಾರಿ ನೋಡಿದೆ.” ಅಷ್ಟರಲ್ಲಿ ಅವಳ ಪಾಳಿ ಬಂತು. ಡಬ್ಬಿ ಎತ್ತಿ ಒಳಗೆ ಹೋದಳು.

ಸೋಮವಾರ ಶಾಲೆಗೆ ಹೋದವನೇ ಕಪಾಟು ತೆರೆದೆ. ತಪಾಸಣೆಗೆ ತೋರಿಸಲೆಂದು ನಾವು ಹಳೆಯ ವಹಿಗಳನ್ನು ಕಟ್ಟಿ ಇಟ್ಟಿರುತ್ತೇವೆ. ಸುನಿತಾಳ ವಹಿ ಸಿಕ್ಕಿತು. ದುಂಡಗಿನ ಅಕ್ಷರ, ಐದು ವಾಕ್ಯ.

ಐ ವಾಂಟ್ ಟು ಗೋ ಟು ಹೈಸ್ಕೂಲ್. ಮೈ ಫಾದರ್ ನಾಟ್ ವಾಂಟ್ ಟು ಸೆಂಡ್ ಮಿ. ಹಿ ವಾಂಟ್ ಟು ಸೆಂಡ್ ಮಿ ಟು ಆಂಟಿ. ಐ ಅಫ್ರೇಡ್ ಟು ಟೆಲ್ ಹಿಮ್. ಐ ವಾಂಟ್ ಸರ್ ಟು ಟೆಲ್ ಮೈ ಫಾದರ್.

ನನಗೆ ಹೈಸ್ಕೂಲಿಗೆ ಹೋಗಬೇಕಾಗಿದೆ. ಅಪ್ಪನಿಗೆ ನನ್ನನ್ನು ಕಳಿಸುವ ಮನಸ್ಸಿಲ್ಲ. ಚಿಗವ್ವನ ಮನೆಗೆ ಕಳಿಸಬೇಕೆಂದಿದ್ದಾನೆ. ಅವನಿಗೆ ಹೇಳಲು ನನಗೆ ಅಂಜಿಕೆ. ಸರ್ ನಮ್ಮಪ್ಪನಿಗೆ ಹೇಳಬೇಕು. ಮೊದಲ ವಾಕ್ಯದಲ್ಲಿ ಎರಡೂ ಟು ತಮ್ಮ ತಮ್ಮ ಜಾಗದಲ್ಲಿದ್ದವು, ನಾನು ಟಿಕ್ಕು ಹಾಕಿದ್ದೆ. ಎರಡನೆಯದರಲ್ಲಿ ‘ಡಸ್’ ಸೇರಿಸಿದ್ದೆ. ಮೂರನೆಯದರಲ್ಲಿ ಒಂದು ಎಸ್. ನಾಲ್ಕನೆಯದರಲ್ಲಿ ‘ಆ್ಯಮ್’ ಬಿಟ್ಟಿದ್ದಾಳೆಂದು ಕೆಂಪು ಗೆರೆ. ಅಂಜಿಕೆಯಾಗುತ್ತದೆ ಎಂದು ಹದಿಮೂರು ವರ್ಷದ ಹುಡುಗಿ ಬರೆದರೆ, ನಾನು ಅವಳ ಅಂಜಿಕೆಗೆ ಸಹಾಯಕ ಕ್ರಿಯಾಪದ ಒದಗಿಸಿದ್ದೆ. ಐದನೆಯದರ ಪಕ್ಕ ನಕ್ಷತ್ರ ಬರೆದಿದ್ದೆ. ಅದು ಯಾಕೆಂದು ಈಗ ನೆನಪಾಯಿತು. ನಡುವೆ ಒಬ್ಬರನ್ನು ನಿಲ್ಲಿಸಿ ‘ಅವರು ಮಾಡಬೇಕು’ ಎನ್ನುವ ಆ ರಚನೆಯನ್ನು ನಾನು ಕಲಿಸಿರಲಿಲ್ಲ, ಹುಡುಗಿ ತಾನೇ ಹುಡುಕಿಕೊಂಡಿದ್ದಳು. ನಡುವೆ ನಿಲ್ಲಿಸಿದ್ದು ನನ್ನನ್ನೇ ಎಂಬುದು ಮಾತ್ರ ಕಣ್ಣಿಗೆ ಬಿದ್ದಿರಲಿಲ್ಲ. ಕೆಳಗೆ ಸಹಿ, ತಾರೀಖು. ತಪಾಸಣೆಯವರು ನೋಡಿದ್ದರೆ ಬೆನ್ನು ತಟ್ಟುತ್ತಿದ್ದರು.

ನಾನು ಹೆಡ್ ಬಾಯಾರ ಎದುರಿಗೇ ಅತ್ತುಬಿಟ್ಟೆ. ಅವರು ವಹಿ ಓದಿ ಮುಚ್ಚಿದವರೇ, “ಇವತ್ತ ಅವರ ಮನಿಗೆ ಹೋಗೂಣ ನಡೀರಿ ಸರ್” ಎಂದರು.

ಮಧ್ಯಾಹ್ನ ಪರಶುರಾಮರ ಮನೆಗೆ ಹೋದೆವು. “ಬರ್ರಿ ಬರ್ರಿ, ಕುಂದರ್ರಿ ಸರ್, ಬಾಯಾರ ನೀವೂ ಕುಂದರ್ರಿ” ಎಂದು ಚಾಪೆ ಹಾಸಿದರು, ಚಹಾ ಮಾಡಲು ಹೇಳಿದರು. ನಾನು ವಹಿ ತೆರೆದು ಐದು ವಾಕ್ಯಗಳನ್ನೂ ಕನ್ನಡದಲ್ಲಿ ಓದಿ ಹೇಳಿದೆ. ಅವರು ವಹಿ ಇಸಿದುಕೊಂಡು, ಓದಲು ಬಾರದಿದ್ದರೂ, ಅಕ್ಷರಗಳ ಮೇಲೆ ಬೆರಳಾಡಿಸಿದರು.

“ಖರೇ ಹೇಳ್ತೀನ್ರೀ ಸರ್, ಆಗ ನೀವ ಒಂದ ಮಾತ ಅಂದಿದ್ರ ನಾ ಇಲ್ಲ ಅಂತಿದ್ದಿಲ್ರೀ. ಸರ್ ಹೇಳಿದ ಮ್ಯಾಲ ಮುಗೀತಲ್ರೀ. ದಿನಾ ಬಾಜುಕ ಕುಂತ ಬರ್ತಿದ್ವಿ.”

ಹೌದು, ಬಾಜುಕ್ಕೇ ಕುಳಿತು ಬರುತ್ತಿದ್ದೆವು. ಮಳೆಯ ಮಾತು ಆಡಿದ್ದೆವು, ಎಮ್ಮೆಯ ಗಬ್ಬದ ಮಾತು ಆಡಿದ್ದೆವು. ಫೆಬ್ರುವರಿ, ಮಾರ್ಚ್ ಎರಡು ತಿಂಗಳು ಅವರ ಖಾಲಿ ಕ್ಯಾನು ನನ್ನ ಮೊಣಕಾಲಿಗೆ ಬಡಿಯುತ್ತಿತ್ತು.

ಈಗ ಹೇಳಿದರೆ? ಈಗ ಹಾಸ್ಟೆಲಿನ ಜಾಗಗಳು ತುಂಬಿದ್ದವು. ಹೆಡ್ ಬಾಯಾರು ಅಲ್ಲಿಂದಲೇ ಫೋನು ಮಾಡಿ ಕೇಳಿದರು. ಹಾಗಾದರೆ ಶಹಾಪುರದಲ್ಲೇ, ನನ್ನ ಮನೆಯ ಹತ್ತಿರದ ಹೈಸ್ಕೂಲಿಗೆ ಹಾಕೋಣ ಎಂದೆ. ಪರಶುರಾಮರು ತಲೆ ಕೆಳಗೆ ಹಾಕಿದರು. “ನಾದಿನಿಗೆ ಮಾತ ಕೊಟ್ಟೇನ್ರೀ. ಕೂಸು ನಡಿಯೂ ಮಟಾ ಬಿಡ್ತೀನಂತ. ಆಕೀ ಅತ್ತಿ ತೀರಿಕೊಂಡಾಳ, ಮನ್ಯಾಗ ಯಾರೂ ಇಲ್ಲ. ಈಗ ಕರಕೊಂಡ್ರ ಆಕೀ ಕೆಲಸ ಹೋಕ್ಕೈತಿ.” ಆ ಚಿಗವ್ವನನ್ನೂ ಹೋಗಿ ಕಂಡೆ. ಕೆಟ್ಟವಳಾಗಿದ್ದರೆ ಜಗಳ ಮಾಡಬಹುದಿತ್ತು. “ನನಗೂ ಹೊಟ್ಟಿ ಉರೀತೈತ್ರೀ ಸರ್, ಆದ್ರ ಕೂಸಿನ್ನ ಮಗ್ಗದ ಬಾಜು ಹ್ಯಾಂಗ ಮಲಗಸಲಿ?” ಎಂದು ನನ್ನನ್ನೇ ಕೇಳಿದಳು. ಒಟ್ಟಿನಲ್ಲಿ ಮುಂದಿನ ಜೂನಿನವರೆಗೆ ಹುಡುಗಿ ಅಲ್ಲೇ ಎಂದಾಯಿತು. ಒಂದು ವರ್ಷ ಹೋಯಿತು.

ಒಂದು ವರ್ಷ ಏನು ಮಹಾ ಎಂದು ಸಮಾಧಾನ ಹೇಳುವವರು ಸಿಕ್ಕಿದರು. ಅವರು ಈ ಕಡೆಯ ಹುಡುಗಿಯರನ್ನು ಕಂಡವರಲ್ಲ. ವರ್ಷ ಮನೆಯಲ್ಲಿ ಕುಳಿತವಳ ಎದುರು ವರನ ಮಾತು ಬರುತ್ತದೆ, ಗೆಳತಿಯರು ಒಂದು ತರಗತಿ ಮುಂದೆ ಹೋಗಿರುತ್ತಾರೆ, ಮರಳಿ ಹೋಗಲು ನಾಚಿಕೆಯಾಗುತ್ತದೆ. ಹೀಗೆ ಒಂದು ವರ್ಷಕ್ಕೆಂದು ನಿಂತು ನಿಂತೇಬಿಟ್ಟವರನ್ನು ನಾನು ಎಣಿಸಹೋಗುವುದಿಲ್ಲ. ಅವರೂ ನನ್ನ ವಹಿಗಳಲ್ಲಿ ಏನೇನು ಬರೆದಿದ್ದರೋ. ಇಪ್ಪತ್ತೆರಡು ವರ್ಷದ ಐದೈದು ವಾಕ್ಯಗಳು. ಎಲ್ಲದರ ಕೆಳಗೂ ನನ್ನ ಸಹಿ. ರದ್ದಿಗೆ ಹೋದ ಆ ವಹಿಗಳನ್ನು ಈಗ ಓದುವಂತಿಲ್ಲ.

ಈಗ ನನ್ನ ಪದ್ಧತಿ ಬದಲಾಗಿದೆ. ಬಸ್ಸಿನಲ್ಲಿ ಕೆಂಪು ಪೆನ್ನು ಚೀಲದಲ್ಲೇ ಇರುತ್ತದೆ. ಒಂದು ಸಲ ಬರೀ ಓದುತ್ತೇನೆ, ತಪ್ಪು ಕಂಡರೂ ಕೈ ಕಟ್ಟಿಕೊಂಡು ಕೂರುತ್ತೇನೆ. ಹೇಳಲು ಸುಲಭ. ಬಿಟ್ಟುಹೋದ ಎಸ್ ನೋಡಿದರೆ ಇನ್ನೂ ಬೆರಳು ತುರಿಸುತ್ತದೆ. ಪೀರನವಾಡಿ ಬಂದರೂ ಎರಡು ವಹಿ ಆಗಿರುವುದಿಲ್ಲ. ಸಹಿ ಬಾಕಿ ಉಳಿದಿದೆ ಎಂದು ಹೆಡ್ ಬಾಯಾರು ಈಗ ಗದರುವುದಿಲ್ಲ. ಓದಿದ್ದರಿಂದ ಸುಖವಾಯಿತೇ ಎಂದು ಕೇಳಬೇಡಿ. ಮೊದಲು ನನಗೆ ಕಾಣುತ್ತಿದ್ದದ್ದು ವ್ಯಾಕರಣದ ತಪ್ಪು, ಅದನ್ನು ತಿದ್ದಬಹುದಿತ್ತು. ಈಗ ಕಾಣುವುದನ್ನು ಏನು ಮಾಡಬೇಕೋ ಅರ್ಧಕ್ಕರ್ಧ ತಿಳಿಯುವುದಿಲ್ಲ. ನಸೀಮಾ ಚೀಟಿ ಬರೆಯುವುದನ್ನೇ ನಿಲ್ಲಿಸಿದ್ದಾಳೆ. ಎದುರು ನಿಂತು ಹೇಳುತ್ತಾಳೆ, ನಾನು ತಿರುಗಿ ಒಪ್ಪಿಸಿದ ಮೇಲೆಯೇ ಹೊರಗೆ ಬಿಡುತ್ತಾಳೆ.

ಭಾನುವಾರಕ್ಕೊಮ್ಮೆ ಸುನಿತಾ ನಮ್ಮ ಮನೆಗೆ ಬರುತ್ತಾಳೆ. ಕೂಸನ್ನು ನಸೀಮಾ ಎತ್ತಿಕೊಳ್ಳುತ್ತಾಳೆ, ನಾನು ಎಂಟನೆಯತ್ತೆಯ ಪುಸ್ತಕ ತೆರೆಯುತ್ತೇನೆ. ಕೂಸು ಅತ್ತರೆ ಪಾಠ ಅಲ್ಲಿಗೆ ಮುಗಿಯಿತು. ಈ ಫೆಬ್ರುವರಿಯ ಒಂದು ಭಾನುವಾರ ಅವಳನ್ನು ಕೇಳಿದೆ, ತಿಂಗಳುಗಟ್ಟಲೆ ಕೇಳಬೇಕೆಂದಿದ್ದು: “ಅಲ್ಲವಾ, ನನಗ ಬಾಯಿಲೆ ಯಾಕ್ ಹೇಳಲಿಲ್ಲ ನೀ? ಕನ್ನಡದಾಗ ಯಾಕ್ ಬರೀಲಿಲ್ಲ?”

“ಕನ್ನಡದಾಗ ಬರದ್ರ ಮನ್ಯಾಗ ಅಕ್ಕ ಓದಿ ಅಪ್ಪಗ ಹೇಳ್ತಿದ್ಲ್ರೀ. ಇಂಗ್ಲೀಷ್ ಓದಾವ್ರು ಊರಾಗ ನೀವೊಬ್ರ ಅಂತ ಬರದೆ.”

ಅವಳ ಲೆಕ್ಕದಲ್ಲಿ ತಪ್ಪಿರಲಿಲ್ಲ, ನನ್ನನ್ನು ಲೆಕ್ಕಕ್ಕೆ ಹಿಡಿದದ್ದೊಂದು ಬಿಟ್ಟರೆ. ಹೇಳಿದೆ: “ಮೇ ತಿಂಗಳದಾಗ ಹಾಸ್ಟೆಲ್ ಅರ್ಜಿ ನಾನ ತುಂಬತೀನಿ. ನಿಮ್ಮಪ್ಪಗ ಮತ್ತ ಹೇಳ್ತೀನಿ, ಚಿಗವ್ವಗೂ ಹೇಳ್ತೀನಿ. ಜೂನ್ ಒಂದಕ್ಕ ನಾನ ನಿನ್ನ ಹೈಸ್ಕೂಲಿಗೆ ಕರಕೊಂಡ ಹೋಗತೀನಿ. ತಡಿ, ಬರದ ಕೊಡತೀನಿ.” ಹಾಳು ಅಭ್ಯಾಸ ನೋಡಿ, ಅಷ್ಟೊತ್ತಿಗೆ ನನ್ನ ಕೈ ಜೇಬಿನಿಂದ ಪೆನ್ನು ತೆಗೆದು ಅವಳ ವಹಿಯ ಮೇಲೆ ಬಂದಾಗಿತ್ತು.

ಅವಳು ವಹಿ ಮುಚ್ಚಿ ಎದೆಗೆ ಹಿಡಿದುಕೊಂಡಳು. ಮೂಗು ಉಜ್ಜಿಕೊಂಡಳು.

“ಸಹಿ ಬ್ಯಾಡ್ರೀ ಸರ್” ಎಂದಳು. “ನೀವ ಬರ್ರಿ, ಸಾಕು.”